ಪರದೆಯ ಹಿಂದಿನ ಮರ್ಯಾದೆ

ಮಕ್ಕಳೇ, ಹೋದ ತಿಂಗಳು ರಾಣೇಬೆನ್ನೂರಿನಿಂದ ಹಾವೇರಿ ದಾಟಿ ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತಿದೆವು. ಖಾರದಪುಡಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲವೆಂದು ಬ್ಯಾಡಗಿ ಪುಡಿಯನ್ನೆಲ್ಲ ದೊಡ್ಡ ಬ್ಯಾಗಿಗೆ ಹಾಕಿದ್ದೆವು. ಆದರೂ ತಪಾಸಣೆಯಲ್ಲಿ ಯಂತ್ರ ಕೂಗಿತು. ನನ್ನಾಕೆಯ ಮೊಣಕಾಲಿನಲ್ಲಿ ಆಪರೇಷನ್ನಿನ ಲೋಹದ ಕೀಲು!

ಮಹಿಳಾ ಸಿಬ್ಬಂದಿ ಅವಳನ್ನು ಪರದೆಯೊಳಗೆ ಕರೆದೊಯ್ದರು. ಮೊಮ್ಮಗಳ ಕಣ್ಣು ತುಂಬಿತು. "ಅಜ್ಜಾ, ಅಮ್ಮ ಏನ್ ತಪ್ಪು ಮಾಡ್ಯಾಳ?"

"ಏನೂ ಇಲ್ಲವ್ವಾ. 1999ರ ಡಿಸೆಂಬರದಾಗ ಕಠ್ಮಂಡುವಿನಿಂದ ಹೊಂಟ ನಮ್ಮ ದೇಶದ ವಿಮಾನ ಅಪಹರಿಸಿದ್ರು. ಆಮ್ಯಾಲೆ ತಪಾಸಣೆ ಇನ್ನೂ ಬಿಗಿ ಆತು. ಆದ್ರ ಹೆಣ್ಣುಮಕ್ಕಳನ್ನ ಹೆಣ್ಣುಮಕ್ಕಳೇ ಮರೆಯಾಗ ನೋಡಬೇಕು."

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಹಾಗೆಂದು ತಪಾಸಣೆಯೇ ಬೇಡ ಎನ್ನುವಂತಿಲ್ಲ. ಮಾನ ಕಾಯ್ದು ಮಾಡಿ ಎಂದು ಕೇಳಬಹುದು. ಕೇಳಲು ನಾಚಬೇಕಿಲ್ಲ.

ಅಷ್ಟರಲ್ಲಿ ಅಮ್ಮ ನಗುತ್ತ ಹೊರಬಂದಳು. "ಮೊಣಕಾಲು ಇನ್ನೂ ನೋಯ್ತದೇನು ಅಂತ ಕೇಳಿದ್ಲು, ಪಾಪ!"