ಹಿನ್ನೀರಿಗೆ ಬರುವ ಅತಿಥಿಗಳು

ಮುಧೋಳದ ಮಗ್ಗುಲಲ್ಲಿ ಹರಿದು ಬರುವ ಘಟಪ್ರಭೆಯೂ, ರಬಕವಿ-ಬನಹಟ್ಟಿ ಹಾಗೂ ಜಮಖಂಡಿ ಸೀಮೆಯನ್ನು ತಣಿಸಿ ಬರುವ ಕೃಷ್ಣೆಯೂ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಒಂದಾಗುತ್ತವೆ. ಆಲಮಟ್ಟಿ ಜಲಾಶಯವಾದ ಮೇಲೆ ಈ ಸುತ್ತಿನ ನೆಲವು ಹಿನ್ನೀರಾಯಿತು. ಎಷ್ಟೋ ಮನೆತನಗಳ ಹೊಲಮನೆಗಳು ಅದರೊಳಗೆ ಮುಳುಗಿದವು. ಅದೇ ನೀರಿಗೆ ಚಳಿಗಾಲದಲ್ಲಿ ದೂರದ ಅತಿಥಿಗಳು ಬಂದಿಳಿಯುತ್ತಾರೆ. ಅವರಲ್ಲಿ ಪಟ್ಟೆತಲೆ ಹೆಬ್ಬಾತು ಮುಖ್ಯವಾದುದು.

ಬೂದು ಮೈ, ಬಿಳಿಯ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ: ಇದು ಅದರ ಗುರುತು. ಮಂಗೋಲಿಯಾ, ಟಿಬೆಟ್ ಮುಂತಾದ ಎತ್ತರದ ನಾಡುಗಳಲ್ಲಿ ಮರಿಮಾಡುವ ಈ ಹಕ್ಕಿ ಹಿಮಾಲಯವನ್ನು ದಾಟಿ ಭರತಖಂಡಕ್ಕೆ ಬರುತ್ತದೆ. ಹಕ್ಕಿಗಳ ಮೈಗೆ ಪುಟ್ಟ ಯಂತ್ರ ಕಟ್ಟಿ ಪರೀಕ್ಷಿಸಿದ ವಿಜ್ಞಾನಿಗಳು, ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದನ್ನು ದಾಖಲಿಸಿದ್ದಾರೆ. ಅಲ್ಲಿನ ವಿರಳ ಗಾಳಿಯಲ್ಲಿಯೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿಯಬಲ್ಲ ರಕ್ತವನ್ನು ನಿಸರ್ಗವು ಅದಕ್ಕೆ ಕೊಟ್ಟಿದೆ.

ಇಂಥ ಪಯಣಿಗನನ್ನು ಸಮೀಪದಿಂದ ಕಾಣಬೇಕೆಂಬ ಆಸೆ ಸಹಜವೇ. ಆದರೆ ಹತ್ತಿರ ಹೋಗುವುದಕ್ಕೂ ಒಂದು ಮರ್ಯಾದೆಯುಂಟು. ಹಿಂಡು ಮೇಯುವಾಗ ಕೆಲವು ಹಕ್ಕಿಗಳು ಕತ್ತೆತ್ತಿ ಕಾವಲಿರುತ್ತವೆ. ಒಂದೊಂದಾಗಿ ಎಲ್ಲವೂ ಕತ್ತೆತ್ತತೊಡಗಿದರೆ ನಾವು ಅಲ್ಲಿಯೇ ನಿಲ್ಲಬೇಕು, ಇಲ್ಲವೇ ಹಿಂದೆ ಸರಿಯಬೇಕು. ಮರಳಿ ಹಿಮಾಲಯ ದಾಟಲು ಬೇಕಾದ ಕೊಬ್ಬನ್ನು ಅವು ಇಲ್ಲಿ ಕೂಡಿಸಿಕೊಳ್ಳಬೇಕು. ನಾವು ಸುಮ್ಮಸುಮ್ಮನೆ ಎಬ್ಬಿಸಿದ ಪ್ರತಿಯೊಂದು ಸಲವೂ ಆ ಗಂಟು ಕರಗುತ್ತದೆ.

ಹಕ್ಕಿಗಳಂತೆಯೇ ವರ್ಷಕ್ಕೊಮ್ಮೆ ಸಾವಿರಾರು ಮೈಲಿ ವಲಸೆ ಹೋಗುವ ಬೂದು ತಿಮಿಂಗಿಲಗಳ ಮಾತು ಇಲ್ಲಿ ನೆನೆಯತಕ್ಕದ್ದು. ಮೆಕ್ಸಿಕೋ ದೇಶದ ತೀರದಲ್ಲಿ 19ನೆಯ ಶತಮಾನದ ಬೇಟೆಗಾರರು ಈಟಿಯೆಸೆದಾಗ ಅವು ತಿರುಗಿಬಿದ್ದು ದೋಣಿಗಳನ್ನೇ ಒಡೆದವು. 'ದೆವ್ವದ ಮೀನು' ಎಂಬ ಹೆಸರು ಹೊತ್ತವು. ಬೇಟೆ ನಿಂತ ಮೇಲೆ, ಅದೇ ತೀರದಲ್ಲಿ, ಅವುಗಳಲ್ಲಿ ಕೆಲವು ತಾವಾಗಿಯೇ ದೋಣಿಗಳ ಬಳಿಗೆ ಬಂದು ಮನುಷ್ಯರ ಕೈ ಮುಟ್ಟಗೊಡುತ್ತವೆ. ಸಮೀಪ ಬರುವುದು ಆ ಜೀವದ ಇಚ್ಛೆಗೆ ಬಿಟ್ಟದ್ದೆಂದು ಇದರಿಂದ ತಿಳಿಯುತ್ತದೆ.

ನೀರಿಳಿದ ನೆಲದಲ್ಲಿ ಬಿತ್ತಿದ ಎಳೆಯ ಪೈರನ್ನು ಹೆಬ್ಬಾತುಗಳು ಮೇಯುವುದುಂಟು. ಬೆವರು ಸುರಿಸಿದ ಒಕ್ಕಲಿಗನಿಗೆ ಅದು ಸಣ್ಣ ನಷ್ಟವಲ್ಲ. ಆತ ಕೂಗುಹಾಕಿ ಹಿಂಡನ್ನು ಎಬ್ಬಿಸಿದರೆ ತಪ್ಪೆನ್ನಲು ನಮಗೆ ಬಾಯಿಲ್ಲ. ಬಲೆ, ವಿಷಗಳ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆ ಅಪರಾಧ. ಅನ್ನಕ್ಕಾಗಿ ಓಡಿಸುವ ರೈತನಿಗಿರುವ ಕಾರಣ, ಒಂದು ಚಿತ್ರಕ್ಕಾಗಿ ಓಡಿಸುವ ನಮಗಿಲ್ಲ.

ಆದುದರಿಂದ ಈ ಚಳಿಗಾಲದಲ್ಲಿ ರೊಟ್ಟಿಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹಿನ್ನೀರಿನ ದಂಡೆಗೆ ಹೋಗುವ ಬಂಧುಗಳು ದುರ್ಬೀನು ಒಯ್ಯಲಿ; ಕಲ್ಲೆಸೆಯುವ ಕೈಯನ್ನು ತಡೆಯಲಿ; ಪ್ಲಾಸ್ಟಿಕ್ ಚೀಲಗಳನ್ನು ಮರಳಿ ಮನೆಗೆ ತರಲಿ. ಒಂದು ಗಳಿಗೆ ಸದ್ದಿಲ್ಲದೆ ಕುಳಿತರೆ ಸಾಕು, ಹಕ್ಕಿಗಳು ಮೇಯುತ್ತ ಮೇಯುತ್ತ ತಾವೇ ಈಚೆಗೆ ಸರಿದು ಬಂದಾವು. ಆ ತಾಳ್ಮೆಯನ್ನು ಮಕ್ಕಳಿಗೆ ಕಲಿಸುವುದು ಹಿರಿಯರಾದ ನಮ್ಮ ಕೆಲಸ.