ಹುಡುಗರು ಬಸ್ಸಿಗೆ, ಕುದುರೆ ಲಾರಿಗೆ. ಬಿಲ್ ಯಾರ ಪಾಲಿಗೆ?

ಮೈಸೂರಿನ ಹುಡುಗಿ ಬೆಂಗಳೂರಿಗೆ ಹೋಗಿ ಬರಲು ಇವತ್ತು ಬಸ್ ಚಾರ್ಜಿನ ಚಿಂತೆ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳು ದುಡ್ಡು ಕೊಡಬೇಕಾಗಿಲ್ಲ. ಆದರೆ ಅದೇ ಹುಡುಗಿ ಅಲ್ಲಿ ಹೋಗಿ ಹತ್ತಬೇಕಾದ ಕುದುರೆಗೆ ಯಾವ ಶಕ್ತಿಯೂ ಇಲ್ಲ, ಯಾವ ರಿಯಾಯಿತಿಯೂ ಇಲ್ಲ. ಎಲ್ಲ ಫಜೀತಿಯೂ ಇರುವುದು ಇಲ್ಲೇ.

ಬೇಸಿಗೆ ರಜೆಯಲ್ಲಿ ನಮ್ಮೂರಿನ ಅಶ್ವಾರೋಹಿ ಪೊಲೀಸ್ ಪಡೆಯವರು ಮಕ್ಕಳಿಗೆ ಸವಾರಿ ಶಿಬಿರ ನಡೆಸುತ್ತ ಬಂದಿದ್ದಾರೆ. ಜೊತೆಗೆ ಖಾಸಗಿ ಕ್ಲಬ್ಬುಗಳೂ ಇವೆ. ಜೀನು ಹತ್ತಿದ ಹತ್ತು ಮಕ್ಕಳಲ್ಲಿ ಒಬ್ಬರಿಗಾದರೂ ಇದರ ಗೀಳು ಹಿಡಿಯುತ್ತದೆ. ಸ್ವಲ್ಪ ಕಾಲ ಕಳೆದ ಮೇಲೆ ಕ್ಲಬ್ಬಿನಿಂದ ಸುದ್ದಿ ಬರುತ್ತದೆ: ಷೋ ಜಂಪಿಂಗ್ ಸ್ಪರ್ಧೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ, ತಂದೆತಾಯಿ ಒಪ್ಪಿಗೆ ಪತ್ರಕ್ಕೆ ರುಜು ಹಾಕಬೇಕು. ಅಲ್ಲಿಂದ ಅಪ್ಪಂದಿರ ಪೇಚಾಟ ಶುರು.

ಸಯ್ಯಾಜಿರಾವ್ ರಸ್ತೆಯ ಅಂಗಡಿಯವರೊಬ್ಬರು ಕೇಳಿಯೇ ಬಿಟ್ಟರು: "ಏನ್ ಸಾರ್ ಇದು, ರೇಸಾ? ನಮ್ ಹುಡುಗಿ ಹೋಗ್ಲೇಬೇಕು ಅಂತಾಳೆ. ನಮ್ಮಂಥೋರಿಗೆ ಇದೆಲ್ಲ ಆಗೋ ಮಾತಾ?"

ಪ್ರಶ್ನೆ ಎರಡು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಊರೇ ಉತ್ತರ ಕೊಡಬೇಕು.

ರೇಸಲ್ಲ, ಲೆಕ್ಕಾಚಾರ

ಇದು ರೇಸಲ್ಲ ಸ್ವಾಮಿ, ಜೂಜೂ ಅಲ್ಲ. ಮೈದಾನದಲ್ಲಿ ಹತ್ತು ಹನ್ನೆರಡು ಕಡೆ ಬಣ್ಣದ ಅಡ್ಡಕೋಲುಗಳನ್ನು ಕಟ್ಟಿರುತ್ತಾರೆ. ಬಲಗಡೆ ಕೆಂಪು ಬಾವುಟ, ಎಡಗಡೆ ಬಿಳಿ. ನಡುವೆ ಹಾರಬೇಕು, ಹೇಳಿದ ಕ್ರಮದಲ್ಲೇ ಹಾರಬೇಕು. ಕೋಲೊಂದು ಬಿದ್ದರೆ 4 ತಪ್ಪಂಕ. ಕುದುರೆ ಹಾರದೆ ನಿಂತುಬಿಟ್ಟರೆ ಮತ್ತೆ 4. ಅಂತರರಾಷ್ಟ್ರೀಯ ನಿಯಮದಂತೆ ಎರಡನೇ ಸಲ ನಿಂತರೆ ಸ್ಪರ್ಧೆಯಿಂದ ಹೊರಕ್ಕೆ. ಸವಾರ ಬಿದ್ದರೂ ಹೊರಕ್ಕೆ. ಹೊತ್ತು ಮೀರಿದರೆ ಅದಕ್ಕೂ ದಂಡ. ಇಲ್ಲಿ ಕಡಿಮೆ ಅಂಕದವನೇ ಗೆದ್ದವನು. ಒಂದೂ ತಪ್ಪಿಲ್ಲದವರು ಹಲವರಿದ್ದರೆ ಕೊನೆಗೆ ಗಡಿಯಾರ ಇಟ್ಟು ಇನ್ನೊಂದು ಸುತ್ತು ಹಾರಿಸುತ್ತಾರೆ. ಗಂಡು ಹೆಣ್ಣು ಬೇರೆ ಬೇರೆ ಅಂತ ಇಲ್ಲ, ಒಲಿಂಪಿಕ್ಸಿನಲ್ಲೂ ಒಂದೇ ಸಾಲು.

ಒಲಿಂಪಿಕ್ಸಿನಲ್ಲಿ ಕೋಲಿನ ಎತ್ತರ 1.60 ಮೀಟರ್ ಮುಟ್ಟುತ್ತದೆ. ಹೊಸ ಮಕ್ಕಳಿಗೆ ಹಾಗಿಲ್ಲ. ನೆಲದ ಮೇಲೆ ಮಲಗಿಸಿದ ಕೋಲು ದಾಟುವುದರಿಂದ ಆರಂಭ, ಆಮೇಲೆ ಮೊಣಕಾಲೆತ್ತರ. ಹೆದರುವ ಅಪ್ಪಂದಿರು ಇದನ್ನು ಮೊದಲು ತಿಳಿಯಬೇಕು.

ನೋಡಬೇಕಾದ ತಮಾಷೆ ಇರುವುದು ಸ್ಪರ್ಧೆಗೆ ಮುಂಚೆ. ಸವಾರರೆಲ್ಲ ಕುದುರೆ ಬಿಟ್ಟು, ಬೂಟು ಹಾಕಿಕೊಂಡು, ಮೈದಾನದಲ್ಲಿ ಹೆಜ್ಜೆ ಎಣಿಸುತ್ತ ನಡೆಯುತ್ತಾರೆ. ದೊಡ್ಡ ಕುದುರೆಯ ಒಂದು ನೆಗೆತ ಅಂದರೆ ಸುಮಾರು 12 ಅಡಿ, ಮನುಷ್ಯನ ನಾಲ್ಕು ಹೆಜ್ಜೆ. ಎರಡು ಕೋಲಿನ ನಡುವೆ 24 ಅಡಿ ಇದ್ದರೆ ಇಳಿಯುವುದಕ್ಕೆ ಅರ್ಧ, ಏರುವುದಕ್ಕೆ ಅರ್ಧ ಕಳೆದು ನಡುವೆ ಒಂದೇ ನೆಗೆತ. ಈ ಲೆಕ್ಕ ಸವಾರನ ತಲೆಯಲ್ಲಿರಬೇಕು. ಯಾಕೆಂದರೆ ಕುದುರೆಗೆ ಈ ದಾರಿ ತೋರಿಸುವ ಹಾಗಿಲ್ಲ. ಸವಾರ ನಡೆದು ನೋಡಿದ್ದನ್ನು ಕುದುರೆ ನಂಬಿ ಹಾರಬೇಕು. ಗಣಿತ ಅಂದರೆ ಮಾರು ದೂರ ಓಡುವ ಹುಡುಗರು ಇಲ್ಲಿ ಬಾಯಿಪಾಠ ಮಾಡಿದಂತೆ ಹೆಜ್ಜೆ ಎಣಿಸುತ್ತಾರೆ!

ಆದ್ದರಿಂದ ಕ್ಲಬ್ಬಿನವರಿಗೆ ಮೊದಲ ಮಾತು: ಹಾರುವ ನಾಲ್ಕು ಮಕ್ಕಳನ್ನಷ್ಟೇ ಕರೆದುಕೊಂಡು ಹೋಗಬೇಡಿ. ಹಾರದ ಹದಿನಾರು ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರು ಬೇಲಿ ಪಕ್ಕ ನಿಂತು ನೋಡಲಿ, ಬಕೆಟ್ಟಿನಲ್ಲಿ ನೀರು ಹೊರಲಿ, ಮೈ ತಿಕ್ಕಲಿ. ಒಂದು ದಿನ ನೋಡಿದ ಹುಡುಗ ಆರು ತಿಂಗಳ ಪಾಠ ಕಲಿತು ಬರುತ್ತಾನೆ. ಅದಕ್ಕೆ ಬೇಕಾದದ್ದು ಬಸ್ಸು ಮತ್ತು ಬುತ್ತಿ, ಅಷ್ಟೇ.

ದುಡ್ಡು ಹೋಗುವ ದಾರಿ

ಈಗ ಖರ್ಚಿಗೆ ಬನ್ನಿ. ಮಗುವಿನ ಖರ್ಚು ದೊಡ್ಡದಲ್ಲ, ಕುದುರೆಯದು ದೊಡ್ಡದು. 450 ಕಿಲೋ ತೂಗುವ ಕುದುರೆ ದಿನಕ್ಕೆ ಸುಮಾರು 9 ಕಿಲೋ ಮೇವು ತಿನ್ನುತ್ತದೆ. ಸ್ಪರ್ಧೆ ಇರಲಿ ಬಿಡಲಿ, ಭಾನುವಾರವೂ ತಿನ್ನುತ್ತದೆ. ಲಾಳ, ಸೈಸನ ಸಂಬಳ, ಡಾಕ್ಟರು ಬೇರೆ. ಬೆಂಗಳೂರಿಗೆ ಒಯ್ಯಲು ಮೆತ್ತೆ ಕಟ್ಟಿದ ಲಾರಿ ಬೇಕು. 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ರಸ್ತೆಯೇನೋ ಸಲೀಸು, ಟೋಲ್ ಮಾತ್ರ ತಪ್ಪದು. ನಡುವೆ ನಿಲ್ಲಿಸಿ ನೀರು ಕುಡಿಸಬೇಕು. ಕುದುರೆಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಹೊಟ್ಟೆ ಕೆಟ್ಟರೆ ಶೂಲೆ ಹಿಡಿದು ಪ್ರಾಣಕ್ಕೇ ಸಂಚಕಾರ.

ಇದರ ಮೇಲೆ ಗ್ಲ್ಯಾಂಡರ್ಸ್ ಎಂಬ ರೋಗದ ಭಯ. ಕುದುರೆಯಿಂದ ಮನುಷ್ಯನಿಗೂ ಅಂಟುವ ಜಾಡ್ಯ ಇದು. ಸೋಂಕು ಖಾತ್ರಿಯಾದರೆ 2009ರ ಪ್ರಾಣಿರೋಗ ಕಾಯಿದೆಯಂತೆ ಆ ಕುದುರೆಗೆ ದಯಾಮರಣವೇ ಗತಿ. ಹತ್ತು ಲಾಯದ ಕುದುರೆಗಳು ಒಂದೆಡೆ ಸೇರುವಾಗ ರಕ್ತಪರೀಕ್ಷೆಯ ಸರ್ಟಿಫಿಕೇಟು ಇಲ್ಲದೆ ಹೊರಡುವುದು ಹುಚ್ಚುತನ. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಪರೀಕ್ಷೆಗೆ ಹೆಸರಾದದ್ದು. ಕಾಗದಪತ್ರದ ಕೆಲಸವನ್ನು ವಾರಗಳ ಮುಂಚೆಯೇ ಮುಗಿಸಿರಬೇಕು.

ಇಷ್ಟೆಲ್ಲ ಕೂಡಿಸಿದರೆ ಅಂಗಡಿಯವರ ಎರಡನೇ ಪ್ರಶ್ನೆ ಎದ್ದು ಕೂರುತ್ತದೆ. ಸ್ವಂತ ಕುದುರೆ ಇದ್ದವರ ಮಗು ಪಟ್ಟಿಯಲ್ಲಿ ಮೇಲೆ, ಇಲ್ಲದವರ ಮಗು ಚಪ್ಪಾಳೆಗೆ. ಹೀಗೇ ಆಗಬೇಕೆ?

ಪದಕ ತಂದ ಕುದುರೆ ಯಾರದು?

ಚರಿತ್ರೆ ಬೇರೆ ಮಾತು ಹೇಳುತ್ತದೆ. 1982ರ ದೆಹಲಿ ಏಷ್ಯನ್ ಕ್ರೀಡೆಯಲ್ಲಿ ಈವೆಂಟಿಂಗ್ ಸ್ಪರ್ಧೆಯ ಚಿನ್ನ ಗೆದ್ದ ರಘುಬೀರ್ ಸಿಂಗ್ ಯಾವ ರಾಜಕುಮಾರನೂ ಅಲ್ಲ. 61ನೇ ಕ್ಯಾವಲ್ರಿಯ ದಫೇದಾರ. ಸವಾರಿಗೆ ಆಸರೆಯಾದದ್ದು ಸೇನೆಯ ಲಾಯ, ಅಪ್ಪನ ಆಸ್ತಿಯಲ್ಲ.

ಅದಾದ ಮೇಲೆ ವೈಯಕ್ತಿಕ ಪದಕಕ್ಕೆ 36 ವರ್ಷ ಬರ. 2018ರಲ್ಲಿ ಜಕಾರ್ತದಲ್ಲಿ ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ ಅದೇ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ತಂದರು, ತಂಡದ ಬೆಳ್ಳಿಯಲ್ಲೂ ಪಾಲುದಾರರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಕೊನೆಯ ಘಟ್ಟವಾದ ಷೋ ಜಂಪಿಂಗ್ ಫೈನಲ್ಲಿಗೂ ಹೋಗಿ 23ನೆಯವರಾದರು. ಎರಡು ಕಡೆಯೂ ಏರಿದ ಕುದುರೆ ಸೆನ್ಯೂರ್ ಮೆಡಿಕಾಟ್. ಅದೂ ಅವರ ಸ್ವಂತದ್ದಲ್ಲ, ಬೆನ್ನಿಗೆ ನಿಂತ ಎಂಬಸಿ ಕಂಪನಿಯ ಕಡೆಯಿಂದ ಬಂದದ್ದು. ಅಂದಮೇಲೆ ತುತ್ತತುದಿಯಲ್ಲಿರುವ ಸವಾರನೇ ಇನ್ನೊಬ್ಬರ ಕುದುರೆ ಏರಿ ಹೋಗುವಾಗ, ಸಯ್ಯಾಜಿರಾವ್ ರಸ್ತೆಯ ಹುಡುಗಿಗೆ "ಕುದುರೆ ಕೊಂಡು ಬಾ" ಎನ್ನುವುದು ಯಾವ ನ್ಯಾಯ? ಬೇಕಾದದ್ದು ಸ್ವಂತ ಕುದುರೆಯಲ್ಲ. ಕುದುರೆ ಕೊಡುವ ಲಾಯ.

ಎರವಲು ಕುದುರೆಯ ಅಪಾಯ

ಆದರೆ ಎರವಲು ಕುದುರೆ ಅಂತ ಸಿಕ್ಕಿದ್ದರ ಮೇಲೆ ಮಗುವನ್ನು ಕೂರಿಸುವಂತಿಲ್ಲ. ಟೋಕಿಯೊದಲ್ಲೇ ಇನ್ನೊಂದು ಘಟನೆ ನಡೆಯಿತು. ಮಾಡರ್ನ್ ಪೆಂಟಾಥ್ಲಾನ್ ಎಂಬ ಐದು ಆಟದ ಸ್ಪರ್ಧೆಯಲ್ಲಿ ಚೀಟಿ ಎತ್ತಿ ಅಪರಿಚಿತ ಕುದುರೆ ಕೊಡುತ್ತಿದ್ದರು. ಪರಿಚಯಕ್ಕೆ 20 ನಿಮಿಷ. ಮೊದಲ ಸ್ಥಾನದಲ್ಲಿದ್ದ ಜರ್ಮನಿಯ ಅನಿಕಾ ಶ್ಲಾಯ್‌ಗೆ ಬಂದ ಸೇಂಟ್ ಬಾಯ್ ಎಂಬ ಕುದುರೆ ಹಾರಲೊಲ್ಲದು. ಆಕೆ ಕುದುರೆಯ ಮೇಲೇ ಅತ್ತರು, ಕೋಚಮ್ಮ ಮುಷ್ಟಿಯಿಂದ ಕುದುರೆಗೆ ಗುದ್ದಿದರು. ಜಗತ್ತೇ ಟಿವಿಯಲ್ಲಿ ನೋಡಿತು. ಕೋಚಮ್ಮನನ್ನು ಕ್ರೀಡಾಕೂಟದಿಂದ ಆಚೆ ಹಾಕಿದರು. ಆ ಗಲಾಟೆಯ ಬಳಿಕ 2024ರ ಪ್ಯಾರಿಸ್‌ಗೆ ಆ ಆಟದಲ್ಲಿ ಕುದುರೆ ಸವಾರಿಯೇ ಕೊನೆಯಾಯಿತು.

ಒಲಿಂಪಿಕ್ಸಿನವರಿಗೇ ಹೀಗಾದರೆ ಹನ್ನೆರಡು ವರ್ಷದ ಮಗುವಿನ ಪಾಡೇನು? ಆದ್ದರಿಂದ ರುಜು ಹಾಕುವ ಮುಂಚೆ ಅಪ್ಪಂದಿರು ನಾಚಿಕೆ ಬಿಟ್ಟು ಕೇಳಿ: ಅಲ್ಲಿ ಏರುವ ಕುದುರೆಯನ್ನು ನಮ್ಮ ಮಗು ಇಲ್ಲಿ ಎಷ್ಟು ಸಲ ಏರಿದೆ? ಗದ್ದಕ್ಕೆ ಪಟ್ಟಿ ಕಟ್ಟುವ ಹೆಲ್ಮೆಟ್ಟು ಅಳತೆಗೆ ಸರಿಯಾಗಿದೆಯೇ? ಎದೆಗವಚ ಇದೆಯೇ? ಮೈದಾನದಲ್ಲಿ ಡಾಕ್ಟರು, ಆಂಬುಲೆನ್ಸ್ ಇರುತ್ತದೆಯೇ? ಹುಡುಗಿಯರ ಜೊತೆ ಹೆಂಗಸರೊಬ್ಬರು ಹೋಗುತ್ತಾರೆಯೇ? ಕೊನೆಯದು, ಬಹಳ ಮುಖ್ಯವಾದದ್ದು: ಮಗು "ಇವತ್ತು ಭಯ ಆಗ್ತಿದೆ, ಹಾರಲ್ಲ" ಅಂದರೆ ಮೇಷ್ಟರು ಏನು ಮಾಡುತ್ತಾರೆ? ಈ ಕೊನೆಯ ಪ್ರಶ್ನೆಗೆ ತಡವರಿಸುವ ಕ್ಲಬ್ಬಿಗೆ ಮಗುವನ್ನು ಕಳಿಸಬೇಡಿ.

ನಮ್ಮೂರಿಗೇನು ಕೊರತೆ?

ಕುದುರೆ ಮೈಸೂರಿಗೆ ಹೊಸದೇ? 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆ ಹೈಫಾ ಊರನ್ನು ಗೆದ್ದದ್ದು ಮೈಸೂರು ಲ್ಯಾನ್ಸರ್ಸ್. ಇವತ್ತಿಗೂ ಜಂಬೂಸವಾರಿಯಲ್ಲಿ ಪೊಲೀಸ್ ಕುದುರೆ ಸಾಲು ಕಂಡರೆ ಜನ ಮಹಡಿ ಹತ್ತುತ್ತಾರೆ. ರೇಸ್ ಕೋರ್ಸೂ ಇದೆ. ಓಟ ಮುಗಿಸಿದ ರೇಸ್ ಕುದುರೆಗಳಲ್ಲಿ ಸಾಧು ಸ್ವಭಾವದವನ್ನು ತಿಂಗಳುಗಟ್ಟಲೆ ಪಳಗಿಸಿ ಸವಾರಿ ಶಾಲೆಗೆ ಬಳಸುವುದು ಎಲ್ಲೆಡೆ ಇರುವ ಪದ್ಧತಿ. ಕುದುರೆ ಉಂಟು, ಮೈದಾನ ಉಂಟು, ಬಲ್ಲವರುಂಟು. ಇಲ್ಲದ್ದು ಶಿಬಿರದಿಂದ ಸ್ಪರ್ಧೆಗೆ ಹತ್ತುವ ಮೆಟ್ಟಿಲು.

ಆ ಮೆಟ್ಟಿಲು ಕಟ್ಟಲು ಕೋಟಿ ಬೇಡ. ಶಿಬಿರದಲ್ಲಿ ಚುರುಕು ಕಂಡ ಐದಾರು ಮಕ್ಕಳನ್ನು, ಅಪ್ಪನ ಕಸುಬು ಕೇಳದೆ, ವರ್ಷವಿಡೀ ಭಾನುವಾರ ಪೊಲೀಸ್ ಲಾಯದಲ್ಲಿ ತರಬೇತಿಗೆ ಇಟ್ಟುಕೊಳ್ಳಲಿ. ದಸರಾ ಕ್ರೀಡಾ ಸಮಿತಿ ಒಂದು ಬೆಳಗ್ಗೆಯನ್ನು ಶಾಲಾ ಮಕ್ಕಳ ಮೊಣಕಾಲೆತ್ತರದ ಜಂಪಿಂಗ್‌ಗೆ ಮೀಸಲಿಡಲಿ. ಆಗ ಲಾರಿಯೂ ಬೇಡ, ಟೋಲೂ ಬೇಡ. ಊರ ಕುದುರೆ, ಊರ ಮೈದಾನ, ಊರ ಮಕ್ಕಳು. ಅಲ್ಲಿ ಗೆದ್ದ ಇಬ್ಬರನ್ನು, ಪರಿಚಯದ ಕುದುರೆ ಸಮೇತ, ಬೆಂಗಳೂರಿಗೆ ಕಳಿಸುವ ಖರ್ಚನ್ನು ಕ್ರೀಡಾ ಇಲಾಖೆ ಹೊರಲಿ.

ಅಂಗಡಿಯವರಿಗೆ ನಮ್ಮ ಸಲಹೆ ಇಷ್ಟು: ಈ ಸಲ ಮಗಳನ್ನು ನೋಡಲು ಕಳಿಸಿ, ಹಾರಲು ಅವಸರ ಬೇಡ. ಮಿಕ್ಕ ಉತ್ತರ ಕೊಡಬೇಕಾದವರು ಪೊಲೀಸ್ ಇಲಾಖೆಯವರು ಮತ್ತು ದಸರಾ ಸಮಿತಿಯವರು. ವರ್ಷಕ್ಕೊಮ್ಮೆ ರಾಜಬೀದಿಯಲ್ಲಿ ನಡೆಯುವ ಕುದುರೆ, ವಾರಕ್ಕೊಮ್ಮೆ ಬಡವರ ಮಗುವನ್ನೂ ಹೊತ್ತರೆ ಅದರ ಬೆನ್ನೇನೂ ಸವೆಯುವುದಿಲ್ಲ.