ಅಂಗವಿಕಲರ ಕಾರು ಮತ್ತು ಮಾರಾಟಗಾರರ ಧೋರಣೆ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಾಗ ಮಧ್ಯಮ ವರ್ಗದ ಜನರು ಸಂತೋಷಪಟ್ಟರು. ಸಂತೋಷಪಡಬೇಕಾದ ಸಂಗತಿಯೇ ಅದು. ಆದರೆ ಆ ಸಂಭ್ರಮದ ನಡುವೆ ಒಂದು ಚಿಕ್ಕ ವರ್ಗದ ಪಾಲಿಗೆ ಏನಾಯಿತೆಂಬುದನ್ನು ಗಮನಿಸಿದವರು ವಿರಳ. ಕೈಕಾಲುಗಳ ಊನದಿಂದ ಓಡಾಟಕ್ಕೆ ಕಷ್ಟಪಡುವವರಿಗೆಂದು 2017ರಿಂದ ಇದ್ದ ವಿಶೇಷ ದರವೂ ಶೇಕಡಾ 18 ಆಗಿತ್ತು. ಎಲ್ಲರಿಗೂ ದೊರೆತ ಮೇಲೆ ಅದು ವಿಶೇಷವಾಗಿ ಉಳಿಯಲಿಲ್ಲ.

ಈ ರಿಯಾಯಿತಿ ಸುಲಭವಾಗಿ ಕೈಗೆ ಬರುತ್ತಿದ್ದುದಲ್ಲ. ಕಾರಿನ ಉದ್ದ 4 ಮೀಟರು ಮೀರಬಾರದು. ಪೆಟ್ರೋಲ್ ಎಂಜಿನ್ ಆದರೆ 1200 ಸಿ.ಸಿ., ಡೀಸೆಲ್ ಆದರೆ 1500 ಸಿ.ಸಿ.ಯೊಳಗಿರಬೇಕು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವನ್ನು ವೈದ್ಯರು ದೃಢಪಡಿಸಬೇಕು. ಐದು ವರ್ಷ ಕಾರನ್ನು ಮಾರುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು, ದೆಹಲಿಯ ಭಾರೀ ಕೈಗಾರಿಕಾ ಸಚಿವಾಲಯದಿಂದ ಪ್ರಮಾಣಪತ್ರ ತರಿಸಬೇಕು. ಇಷ್ಟು ಮಾಡಿದರೆ ಆಗುತ್ತಿದ್ದ ಲಾಭವೆಷ್ಟು? 5 ಲಕ್ಷ ರೂಪಾಯಿ ಮೂಲಬೆಲೆಯ ಪೆಟ್ರೋಲ್ ಕಾರಿಗೆ ಇತರ ಗಿರಾಕಿ ತೆರಿಗೆಯನ್ನೂ ಶೇಕಡಾ 1ರ ಸೆಸ್ಸನ್ನೂ ಸೇರಿಸಿ 1,45,000 ರೂಪಾಯಿ ಕೊಡಬೇಕಾಗಿದ್ದರೆ, ಅಂಗವಿಕಲ ಗಿರಾಕಿ ಕೊಡಬೇಕಾದುದು 90,000. ಉಳಿತಾಯ 55,000 ರೂಪಾಯಿ. ಬಡ ಸಂಬಳದ ಮನೆಗೆ ಇದು ಸಣ್ಣ ಮೊತ್ತವಲ್ಲ.

ಆದರೆ ಸರಕಾರ ಕೊಟ್ಟುದನ್ನು ಗಿರಾಕಿಗೆ ಮುಟ್ಟಿಸಬೇಕಾದವನು ಕಾರಿನ ವ್ಯಾಪಾರಿ. ತಿಂಗಳಿಗೆ ಎಷ್ಟು ಕಾರು ಹೋಯಿತೆಂಬ ಲೆಕ್ಕದ ಮೇಲೆ ಅವನ ಬದುಕು. ದೆಹಲಿಯ ಕಾಗದಕ್ಕಾಗಿ ಕಾದು ನಿಲ್ಲುವ ಗಿರಾಕಿ ಅವನ ಕಣ್ಣಿಗೆ ತೊಡಕಿನ ಗಿರಾಕಿ. ಮೊದಲು ಪೂರ್ತಿ ಹಣ ಕಟ್ಟಿ, ಆಮೇಲೆ ನೋಡೋಣ ಎಂಬ ಮಾತು. ಹಬ್ಬದ ಸೋಡಿ ನಿಮಗಿಲ್ಲ ಎಂಬ ಉತ್ತರ. ಗಾಲಿಕುರ್ಚಿಯಲ್ಲಿ ಬಂದವನನ್ನು ಬಿಟ್ಟು ಜೊತೆಗೆ ಬಂದ ತಮ್ಮನೊಡನೆ ವ್ಯವಹಾರ ಕುದುರಿಸುವ ಕ್ರಮ: ಇವನ್ನೆಲ್ಲ ನಾವು ಪರಿಚಿತರ ಮನೆಗಳಿಂದ ಕೇಳುತ್ತ ಬಂದಿದ್ದೇವೆ. ಇದಕ್ಕೆ ಒಬ್ಬಿಬ್ಬರ ದುಷ್ಟತನವಷ್ಟೇ ಕಾರಣವಲ್ಲ. ರಿಯಾಯಿತಿಯನ್ನು ಗಿರಾಕಿಯ ಹೆಸರಿಗೆ ಬರೆದು, ಅದನ್ನು ನಡೆಸಿಕೊಡುವ ಹೊಣೆಯನ್ನು ಯಾರ ಹೆಸರಿಗೂ ಬರೆಯದಿದ್ದುದರ ಫಲವಿದು.

ಗಡಿನಾಡಿನಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಅನಂತಪುರ ಜಿಲ್ಲೆಯ ಬೆಳುಗುಪ್ಪ, ಕಲ್ಯಾಣದುರ್ಗದ ಕಡೆಯ ಕನ್ನಡ ಮನೆಯವರು ತಮ್ಮ ಮಾತು ನಡೆಯುವ ಬಳ್ಳಾರಿಯಲ್ಲಿ ಕಾರು ಕೊಂಡರೆನ್ನಿ. ತಾತ್ಕಾಲಿಕ ನೋಂದಣಿಯೊಡನೆ ಅದನ್ನು ತಂದು ಆಂಧ್ರದಲ್ಲಿ ನೋಂದಾಯಿಸಬೇಕು. ರಸ್ತೆ ತೆರಿಗೆಯೂ ಅದರ ರಿಯಾಯಿತಿಯೂ ನೋಂದಣಿಯಾಗುವ ರಾಜ್ಯಕ್ಕೆ ಸೇರಿದ ವಿಷಯ. ಬಳ್ಳಾರಿಯ ವ್ಯಾಪಾರಿಗೆ ಆಂಧ್ರದ ನಿಯಮ ಬೇಡ, ಆಂಧ್ರದ ವ್ಯಾಪಾರಿಗೆ ಕನ್ನಡ ಬಾರದು. ಮಂಜೇಶ್ವರದಿಂದ ಮಂಗಳೂರಿಗೆ ಹೋಗಿ ಕಾರು ಕೊಳ್ಳುವ ನಮ್ಮವರ ಪಾಡೂ ಇದೇ. ಹಳೆಯ ವೈದ್ಯಕೀಯ ಪತ್ರ ತೆಲುಗಿನಲ್ಲೋ ಮಲಯಾಳದಲ್ಲೋ ಇದ್ದರೆ ಗಡಿಯಾಚೆ ಅದನ್ನು ಓದುವವರಿಲ್ಲ. ದೇಶಕ್ಕೆಲ್ಲ ಒಂದೇ ಆದ ಯು.ಡಿ.ಐ.ಡಿ. ಚೀಟಿಯನ್ನು ಮಾಡಿಸಿಟ್ಟುಕೊಳ್ಳುವುದು ಆದಕಾರಣ ನಮ್ಮವರಿಗೆ ಇತರರಿಗಿಂತ ಹೆಚ್ಚು ಅಗತ್ಯ.

ಇಂಗ್ಲೆಂಡಿನಲ್ಲಿ 1977ರಲ್ಲಿ ಸ್ಥಾಪನೆಯಾದ ಮೊಟಬಿಲಿಟಿ ಸಂಸ್ಥೆ ಬೇರೆ ದಾರಿ ಹಿಡಿಯಿತು. ಅಂಗವಿಕಲರು ತಮ್ಮ ಸಂಚಾರ ಭತ್ಯೆಯನ್ನು ಬಿಟ್ಟುಕೊಟ್ಟು, ಸಾಮಾನ್ಯವಾಗಿ ಮೂರು ವರ್ಷಕ್ಕೆ ಹೊಸ ಕಾರನ್ನು ಗೇಣಿಗೆ ಪಡೆಯುತ್ತಾರೆ. ವಿಮೆ, ದುರಸ್ತಿ ಎಲ್ಲವೂ ಅದರಲ್ಲೇ ಅಡಕ. ವ್ಯಾಪಾರಿಯ ಅಂಗಡಿಯಲ್ಲಿ ಇಂಥ ಗಿರಾಕಿಗಳಿಗೆಂದೇ ತರಬೇತಾದವರಿರುತ್ತಾರೆ. ಅಲ್ಲಿ ದೂರುಗಳೇ ಇಲ್ಲವೆಂದಲ್ಲ. ಆದರೆ ದೂರನ್ನು ಯಾರಿಗೆ ಕೊಡಬೇಕೆಂಬುದು ಗೊತ್ತಿದೆ.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 41ನೆಯ ಕಲಮು, ಕೈಗೆಟಕುವ ವೆಚ್ಚದಲ್ಲಿ ಸ್ವಂತ ಓಡಾಟಕ್ಕೆ ಪ್ರೋತ್ಸಾಹ, ರಿಯಾಯಿತಿ, ವಾಹನಗಳ ಮಾರ್ಪಾಟು ಇವುಗಳಿಗೆ ಯೋಜನೆ ರೂಪಿಸುವುದು ಸರಕಾರದ ಕರ್ತವ್ಯವೆಂದು ಹೇಳುತ್ತದೆ. ತೆರಿಗೆಯ ಅಂತರ ಅಳಿದುಹೋದ ಈ ಹೊತ್ತಿನಲ್ಲಿ ಕೈಯಿಂದ ನಡೆಸುವ ಬ್ರೇಕು, ತಿರುಗುವ ಆಸನ ಮೊದಲಾದ ಮಾರ್ಪಾಟುಗಳಿಗೆ ನೆರವು ಕೊಡುವುದೇ ಸರಕಾರಕ್ಕೆ ಉಳಿದಿರುವ ನ್ಯಾಯವಾದ ದಾರಿ. ಮಾರಾಟ ಮಳಿಗೆಗೆ ಇಳಿಜಾರು ಮೆಟ್ಟಿಲು, ಬರವಣಿಗೆಯಲ್ಲಿ ಬೆಲೆಪಟ್ಟಿ, ಮಾರ್ಪಾಟಿನ ಮಾಹಿತಿ ಇವು ಪರವಾನಿಗೆಯ ಷರತ್ತಾಗಬೇಕು.

ಅಲ್ಲಿಯವರೆಗೆ ನಮ್ಮ ಮನೆಗಳವರು ಮಾಡಬೇಕಾದುದು ಇಷ್ಟು. ಬೆಲೆಯನ್ನೂ ತಲಪಿಸುವ ದಿನಾಂಕವನ್ನೂ ಬಾಯಿಮಾತಿಗೆ ಬಿಡದೆ ಬರೆಯಿಸಿಕೊಳ್ಳಿರಿ. ಮಾರ್ಪಾಟಾದ ಕಾರಾದರೆ ನೋಂದಣಿ ಪುಸ್ತಕದಲ್ಲಿ ಅದನ್ನು ನಮೂದಿಸಿರಿ. ಹಾಗಿಲ್ಲದಿದ್ದರೆ ವಿಮೆಯ ಹಕ್ಕು ಕೇಳುವಾಗ ತಕರಾರು ಬಂದೀತು. ಮೋಸವಾದರೆ ಬಳ್ಳಾರಿಗೋ ಮಂಗಳೂರಿಗೋ ಅಲೆಯಬೇಕಾಗಿಲ್ಲ: 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಹಕ್ಕು ಹೀಗೆ ನಮ್ಮ ಬಾಗಿಲಿನವರೆಗೆ ಬಂದಿರುವಾಗ ಅದನ್ನು ಉಪಯೋಗಿಸದೆ ಸುಮ್ಮನಿರುವುದು ಯಾರಿಗೂ ಶ್ರೇಯಸ್ಕರವಲ್ಲ.